ಏಪ್ರಿಲ್ ತಿಂಗಳ ಜೋಳದ ಹಿಟ್ಟು

ರೊಟ್ಟಿ ಹಂಚು ಕೀನ್ಯಾದಿಂದ ವಾಪಸ್ ಬಂತು. ರೊಟ್ಟಿ ಬಡಿಯುವ ಸಾಯಬಣ್ಣ ಬರಲಿಲ್ಲ.

ಕಗ್ಗದಾಸಪುರದ ಬಾಡಿಗೆ ಕೋಣೆಗೆ ನಮ್ಮನ್ನು ಕರೆಸಿದ ಅವನ ಹೆಂಡತಿ ಶೇಷಮ್ಮ ಹಂಚು ಕಟ್ಟಿದ್ದ ಗಂಟನ್ನು ಕಾಲಿನಿಂದಲೇ ನಮ್ಮತ್ತ ತಳ್ಳಿದಳು. ನಾವೆಂದರೆ ಶಿವಾಜಿನಗರದ ಪತ್ತೇದಾರಿಣಿ ಜಹನಾರಾ ಮೇಡಂ ಮತ್ತು ಅವರ ಸಹಾಯಕನಾದ ನಾನು, ಚನ್ನು. ಮದುವೆ ಗಂಡುಗಳ ಗುಣ ವಿಚಾರಿಸಿ ಹೊಟ್ಟೆ ಹೊರೆಯುತ್ತಿದ್ದ ನಮಗೆ ೨೦೦೪ರ ಜೂನ್‌ನಲ್ಲಿ ಆಫ್ರಿಕಾ ಗಂಟುಬಿದ್ದಿತ್ತು.

“ಅಲ್ಲಿ ಯಾರನ್ನೋ ಕಟ್ಕೊಂಡಾನಂತ್ರಿ! ಓಣಿ ಮಂದಿ ನಗ್ತಾರ. ಅದಕ್ಕಿಂತ ಸತ್ತಿದ್ರ ಛಲೋ ಇತ್ತು.”

“ಹಾಗಂತ ಹೇಳಿದ್ದು ಯಾರಮ್ಮ?”

“ಕರಕೊಂಡು ಹೋದ ಸಾಹುಕಾರ.”

“ಗಂಟು ಬಿಚ್ಚಿ ನೋಡಿದ್ರಾ?”

“ನಾ ಯಾಕ ಮುಟ್ಟಲಿ?”

ಮೇಡಂ ಬಿಚ್ಚಿದರು. ಹಂಚು, ಎರಡು ಅಂಗಿ, ಹಿಟ್ಟಿನ ಚೀಲ. ಹಿಟ್ಟು ಗಟ್ಟಿಯಾಗಿತ್ತು. ಹಳೇ ಹಿಟ್ಟು, ಇನ್ನೇನು — ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ. ಮೇಡಂ ಮಾತ್ರ ಚೀಲವನ್ನು ಕೇಳಿ ಪಡೆದರು.

ಸಾಹುಕಾರನೆಂದರೆ ಇಂದಿರಾನಗರದಲ್ಲಿ ಟೂರ್ ಕಂಪನಿ ನಡೆಸುವ ಸಿದ್ಧಲಿಂಗೇಶ. ಸಿಂಹ ನೋಡಲು ಹೋದರೂ ನಮ್ಮವರಿಗೆ ತಟ್ಟೆಯಲ್ಲಿ ಜೋಳದ ರೊಟ್ಟಿಯೇ ಬೇಕು; ಹಾಗಾಗಿ ಗುಂಪಿನ ಜೊತೆ ಅಡುಗೆಯವನೂ ಹೋಗುವುದು ವಾಡಿಕೆ. ಜನ ಬರುವ ಮೊದಲು ಜಾಗ ನೋಡಿ ಒಲೆ ಹೂಡಲೆಂದು ಏಪ್ರಿಲ್‌ನಲ್ಲಿ ಇವರಿಬ್ಬರೇ ಹೋಗಿದ್ದರು. ಆಮೇಲೆ ಪ್ರವಾಸ ರದ್ದಾಯಿತು. ಕಾರಣ — ಅಡುಗೆಯವನು ಪರಾರಿ!

“ಎಲ್ಲಿಂದ ಓಡಿಹೋದ?” ಅವನ ಆಫೀಸಿಗೇ ಹೋಗಿ ಮೇಡಂ ಕೇಳಿದರು.

“ಕಾಡಿನ ಹತ್ರ ಒಂದು ಹೊಳೆ ಇದೆ ಮೇಡಂ. ಅದನ್ನ ದಾಟಿ ಹಳ್ಳಿ ಕಡೆ ಹೋದ. ಬರಲೇ ಇಲ್ಲ. ಗಂಟು ಜೀಪಲ್ಲೇ ಇತ್ತು, ತಂದುಕೊಟ್ಟೆ.”

“ಹೊಳೇಲಿ ನೀರು?”

“ಏಪ್ರಿಲ್ ಅಲ್ವಾ? ಬರೀ ಮರಳು. ಸುಡುಬಿಸಿಲು, ಧೂಳು.” ಗೋಡೆಯ ಚಿತ್ರ ತೋರಿಸಿದ. ಒಣಹುಲ್ಲಿನ ನಡುವೆ ಆನೆಗಳು. “ನೋಡಿ, ಹೀಗೇ ಇತ್ತು.”

ಮೇಡಂ ಮೇಜಿನ ಮೇಲೆ ಹಿಟ್ಟಿನ ಗಡ್ಡೆ ಇಟ್ಟು ಪೇಪರ್‌ವೇಟ್‌ನಿಂದ ಕುಟ್ಟಿದರು. ಒಡೆಯಿತು. ಒಳಗೆಲ್ಲ ಕೆಂಪು ಕೆಸರು.

“ಧೂಳಾಗಿದ್ರೆ ಮೇಲೆ ಕೂರ್ತಿತ್ತು. ಇದು ಹೊಳೆ ನೀರು ಕುಡಿದ ಹಿಟ್ಟು. ಚೀಲದ ಹೊರಗೆ ತೊಳೆದು ಒಣಗಿಸಿದ್ರಿ. ಒಳಗೆ ನೋಡ್ಲಿಲ್ಲ — ಅಡುಗೆಮನೆ ಕಂಡ ಗಂಡಸಲ್ಲ ನೀವು. ನೈರೋಬಿಯಲ್ಲಿರೋ ನಮ್ಮ ಖಾಲಾಗೆ, ಅಂದ್ರೆ ಚಿಕ್ಕಮ್ಮನಿಗೆ, ಫೋನ್ ಮಾಡಿದ್ದೆ. ಮಾರ್ಚಿಂದ ಮೇ ತನಕ ಅಲ್ಲಿ ದೊಡ್ಡ ಮಳೆಗಾಲ. ಹುಲ್ಲು ಹೀಗೆ ಒಣಗೋದು ಜುಲೈ ಮೇಲೆ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಅಂದ್ರೆ ಆಫ್ರಿಕಾಕ್ಕೂ ಬೇಸಿಗೆ ಅಂದ್ಕೊಂಡು ಟಿಕೆಟ್ ಮಾರಿದ್ರಿ. ಹೋಗಿ ನೋಡಿದ್ರೆ ಹೊಳೆ ತುಂಬಿತ್ತು. ಆದರೂ ಅವನನ್ನ ಇಳಿಸಿದ್ರಿ. ಅಲ್ವಾ?”

ಸಿದ್ಧಲಿಂಗೇಶನ ಮುಖ ಕಪ್ಪಿಟ್ಟಿತು.

“ಅಲ್ಲಿನ ಡ್ರೈವರ್ ಬೇಡ ಅಂದ... ಆಳ ನೋಡ್ಕೊಂಡು ಆಚೆ ದಾಟು ಸಾಯಬಣ್ಣ ಅಂದೆ, ಅಷ್ಟೇ. ಗಂಟು ತಲೆ ಮೇಲಿಟ್ಕೊಂಡು ಇಳಿದ. ಗಂಟು ಪೊದೆಗೆ ಸಿಕ್ತು. ಅವನು ಸಿಗಲಿಲ್ಲ. ನಿಜ ಹೇಳಿದ್ರೆ ನನ್ನ ಜೊತೆ ಮುಂದೆ ಯಾರ್ ಬರ್ತಾರೆ?”

“ಅದಕ್ಕೆ ಸತ್ತವನ ಹೆಸರು ಕೆಡಿಸಿದ್ರಿ,” ಎಂದು ಮೇಡಂ ಪೊಲೀಸರಿಗೆ ಫೋನ್ ಮಾಡಿದರು. ನನಗೆ ಅವನನ್ನು ಹೊಡೆಯಬೇಕೆನಿಸಿತ್ತು.

ಸಂಜೆ ಶೇಷಮ್ಮನಿಗೆ ಎಲ್ಲವನ್ನೂ ಹೇಳಿದೆವು.

“ಹಂಗಾರ ಅಂವ ನನ್ನ ಬಿಟ್ಟು ಓಡಿ ಹೋಗಿಲ್ಲೇನ್ರಿ?”

“ಇಲ್ಲಮ್ಮ.”

ಒಂದು ಕ್ಷಣ ಅವಳ ಮುಖ ಅರಳಿತು, ನಿಜವಾಗಿ ಅರಳಿತು. ಆಮೇಲೆ ಹಂಚನ್ನು ಎತ್ತಿ ಎದೆಗವಚಿಕೊಂಡಳು.

“ಸತ್ತಿದ್ರ ಛಲೋ ಇತ್ತು ಅಂದ್ನೆಲ್ರಿ ನಾನು. ಈ ಬಾಯಿಲೆನ ಅಂದ್ನೆಲ್ಲ...”

ಮೇಡಂ ನೆಲದ ಮೇಲೆ ಅವಳ ಪಕ್ಕ ಕುಳಿತರು. ನಾನು ಬಾಗಿಲ ಹೊರಗೆ ಹೋಗಿ ನಿಂತು ಅತ್ತೆ.