ಹನ್ನೊಂದು ಮೊಟ್ಟೆಗಳ ಸುಳ್ಳು

"ಮೇನ್ ಸ್ವಿಚ್ ಹಾಕಿ! ಮೊದಲು ಮೇನ್ ಹಾಕಿ ಅಂದೆ!"

ಫ್ರಿಜ್ ರಿಪೇರಿಗೆ ಬಂದವನು ಸ್ಕ್ರೂಡ್ರೈವರ್ ಹಿಡಿದೇ ಬೆಚ್ಚಿ ನಿಂತ. ಒದ್ದೆ ಕೂದಲಲ್ಲೇ ಬಚ್ಚಲಿನಿಂದ ಓಡಿಬಂದವಳ ಕಣ್ಣಲ್ಲಿ ಕೆಂಡ!

"ಪ್ಲಗ್ ಪಾಯಿಂಟೇ ಸುಟ್ಟಿದೆ ಮೇಡಂ. ಮೇನ್ ಹಾಕಿದ್ರೆ ನಾನು ಸಾಯ್ತೀನಿ..."

"ಹಾಕದಿದ್ರೆ ನನ್ನ ಮೀನು ಸಾಯ್ತವೆ!"

ಮೂಲೆಯ ಗಾಜಿನ ತೊಟ್ಟಿಯಲ್ಲಿ ಗುಳ್ಳೆಗಳು ನಿಂತುಹೋಗಿದ್ದವು. ಕಲ್ಲಿಗೆ ಬಾಯಿ ಅಂಟಿಸಿಕೊಂಡು ಬೆರಳುದ್ದದ ಎರಡು ಮೀನು, ಮೈತುಂಬ ಕಪ್ಪು-ಬಿಳಿ ಪಟ್ಟೆ. ಅವನು ಬಂದ ಕೆಲಸವನ್ನೇ ಮರೆತು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ.

"ಇದು ನಿಜವಾದ ಮೀನಾ? ಯಾರೋ ಕೂತು ಬಣ್ಣ ಬಳಿದ ಹಾಗಿದೆ!"

"ಜೀಬ್ರಾ ಪ್ಲೆಕೊ. ಜೋಡಿ ಸಿಗೋದೇ ಅಪರೂಪ."

ಒಳಗಿನಿಂದ ಅಜ್ಜಿಯ ದನಿ ಬಂತು. "ನಿನಗೊಂದು ಗಂಡು ನೋಡ್ಕೊಳ್ಳೇ ಅಂದ್ರೆ ಇವಳು ಮೀನಿಗೆ ಗಂಡು ಹುಡುಕ್ಕೊಂಡು ಬಂದ್ಲಪ್ಪಾ!"

ಅವನು ನಕ್ಕ. ಸಿಟ್ಟಿನಲ್ಲಿದ್ದವಳಿಗೂ ನಗು ತಡೆಯಲಾಗಲಿಲ್ಲ.

ಫ್ರಿಜ್ ಅಂದೇ ಸರಿಹೋಯಿತು. ಆದರೆ "ತಣ್ಣಗಾಗ್ತಿದೆ ತಾನೇ?" ಎಂದು ಕೇಳಲು ಅವನು ವಾರಕ್ಕೆರಡು ಸಲ ಬರತೊಡಗಿದ!

ಅವಳು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಊರವರ ದೃಷ್ಟಿ ಅಳೆಯುತ್ತಿದ್ದವಳನ್ನು ಕಣ್ಣಿಟ್ಟು ನೋಡಿದವನು ಇವನೊಬ್ಬನೇ. ಮೀನಿನ ಗುಟ್ಟುಗಳನ್ನೆಲ್ಲ ಅವಳು ಅವನಿಗೆ ಹೇಳಿಕೊಟ್ಟಳು.

"ನೋಡು, ಈ ಮಣ್ಣಿನ ಕೊಳವೆಯೇ ಗುಹೆ. ಹೆಣ್ಣು ಒಳಗೆ ಮೊಟ್ಟೆ ಇಟ್ಟು ಹೋಗಿಬಿಡುತ್ತೆ. ಆಮೇಲೆ ಗಂಡು ಹೊಟ್ಟೆಗಿಲ್ಲದೆ ಕಾವಲು ಕೂತು ರೆಕ್ಕೆ ಬೀಸ್ತಾ ಇರುತ್ತೆ."

"ಅಂದ್ರೆ ಅಪ್ಪನೇ ಬಾಣಂತಿ!"

"ಹೂಂ. ಆದ್ರೆ ಆಗ ಗುಹೆಯೊಳಗೆ ಟಾರ್ಚ್ ಹಾಕ್ಬಾರ್ದು. ಹೆದರಿದ್ರೆ ಮೊಟ್ಟೆನೆಲ್ಲ ಹೊರಗೆ ತಳ್ಳಿಬಿಡುತ್ತೆ."

ಆ ಜೋಡಿ ಮೊಟ್ಟೆಯಿಡಲೆಂದು ಅವಳು ಮೂರು ವರ್ಷದಿಂದ ಕಾದಿದ್ದಳು. ಭಕ್ತರು ಗುಡಿಯ ಬಾಗಿಲು ತೆರೆಯಲೆಂದು ಕಾಯುವ ಹಾಗೆ... ಬೇಸರವಿಲ್ಲದೆ, ದೂರಿಲ್ಲದೆ.

ಅಷ್ಟರಲ್ಲಿ ಅವಳ ಅಕ್ಕನ ಹೆರಿಗೆ ಬಂತು. ಅಜ್ಜಿಯ ಜೊತೆ ಹತ್ತು ದಿನಕ್ಕೆ ಹೊರಟು ನಿಂತವಳು ಮನೆಯ ಬೀಗದ ಕೈಯನ್ನು ಅವನ ಅಂಗೈಗಿಟ್ಟಳು.

"ಮನೆ ಕಳ್ಳರ ಪಾಲಾದ್ರೂ ಪರವಾಗಿಲ್ಲ. ಇವನ್ನ ನೋಡ್ಕೋ."

"ಜೀವ ಇಟ್ಟು ನೋಡ್ಕೋತೀನಿ."

ಮರಳಿ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಮೊಟ್ಟೆ ಇಟ್ಟಿತಾ?"

"...ಇಲ್ಲ."

ಅವನ ಕಣ್ಣು ನೆಲದ ಮೇಲಿತ್ತು. ಅವಳ ಕಣ್ಣು ತೊಟ್ಟಿಯ ಮೇಲಿತ್ತು.

ವಾರ ಕಳೆಯುವುದರೊಳಗೆ ಹೆಣ್ಣು ಮೀನು ಸತ್ತಿತು. ಅವನ ಹೆಗಲಿಗೆ ಹಣೆಯೊತ್ತಿ ಅವಳು ಬಿಕ್ಕಿದಳು. "ಮೂರು ವರ್ಷ! ಒಂದೇ ಒಂದು ಮರಿನಾದ್ರೂ ಬಿಟ್ಟು ಹೋಗ್ಬಾರ್ದಿತ್ತಾ?"

ಅವನು ತಲೆ ನೇವರಿಸಿದ.

ತಿಂಗಳ ಮೇಲೆ ಅವನ ತಾಯಿಯ ಕನ್ನಡಕ ಸಿದ್ಧವಾಯಿತು. ಅಂಗಡಿಯಲ್ಲಿ ತಾನೇ ಅಳತೆ ತೆಗೆದದ್ದು, ತಾನೇ ತೊಡಿಸಬೇಕೆಂಬ ಆಸೆ ಅವಳಿಗೆ. ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದಳು. ಅವನು ಯಾರದೋ ಫ್ರಿಜ್ ನೋಡಲು ಹೋಗಿದ್ದ.

ಕನ್ನಡಕ ಏರಿಸಿಕೊಂಡ ತಾಯಿ ಮಗುವಿನಂತೆ ಹಿಗ್ಗಿದಳು. "ಅಯ್ಯೋ, ಗೋಡೆ ಮೇಲಿನ ಧೂಳೂ ಕಾಣ್ತಿದೆಯಲ್ಲೇ! ಬಾ ಬಾ, ಮೊದಲು ಆ ಮರಿಗಳನ್ನ ನೋಡ್ತೀನಿ. ಇಷ್ಟು ದಿನ ಬರೀ ಚುಕ್ಕಿಗಳ ಹಾಗೆ ಕಾಣ್ತಿದ್ವು."

"ಯಾವ ಮರಿ ಅಮ್ಮಾ?"

"ನಿನ್ನ ಮೀನಿನ ಮಕ್ಕಳೇ ಕಣೇ! ನೀನು ಕೊಟ್ಟಿದ್ದು ಅಂದ್ನಲ್ಲ ಇವನು..."

ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಪುಟ್ಟ ತೊಟ್ಟಿ. ಗಾಜಿಗೆ ಅಂಟಿಕೊಂಡು ಐದು ಮರಿ. ಉಗುರಿನಷ್ಟು ಮೈ, ಮೈಮೇಲೆ ಅದೇ ಪಟ್ಟೆ...

ಅವಳು ಗಾಜಿನ ಹತ್ತಿರಕ್ಕೆ ಬಗ್ಗಿದಳು.

'ಇವನ ಹೆಗಲ ಮೇಲೇ ಅತ್ತೆನಲ್ಲ! ಇವು ಇಲ್ಲಿ ಉಸಿರಾಡುತ್ತಿದ್ದಾಗ, ಇವಿಲ್ಲವೆಂದು ಇವನೆದುರೇ ಅತ್ತೆನಲ್ಲ!'

ಬಾಗಿಲಲ್ಲಿ ಸಲಕರಣೆಯ ಚೀಲ ದೊಪ್ಪನೆ ಬಿದ್ದ ಸದ್ದು. ಅವನು ಬಂದು ನಿಂತಿದ್ದ. ಇಬ್ಬರ ಮುಖ ನೋಡಿದ ತಾಯಿ ಮೆಲ್ಲಗೆ ಅಡುಗೆಮನೆಗೆ ಸರಿದಳು.

"ಬನ್ನಿ," ಅಂದಳು. ದಿನವೂ 'ಬಾ' ಅನ್ನುತ್ತಿದ್ದವಳು! "ಎಷ್ಟು ಮೊಟ್ಟೆ ಕದ್ದಿರಿ?"

"ಕದೀಲಿಲ್ಲ... ಟಾರ್ಚ್ ಹಾಕ್ದೆ." ಅವನು ತೊಟ್ಟಿಯತ್ತ ಬಂದ. "ನೀನು ಹೋದ ನಾಲ್ಕನೇ ದಿನ. ಗಂಡು ಗುಹೆ ಬಿಟ್ಟು ಬರ್ತಿರ್ಲಿಲ್ಲ. ಮೊಟ್ಟೆ ಇದ್ರೆ ನಿನಗೆ ಫೋನ್ ಮಾಡಿ ಹೇಳೋಣ, ಕುಣಿದಾಡ್ತೀಯ ಅನ್ನೋ ಆಸೆ. ಬೆಳಕು ಬಿದ್ದದ್ದೇ ತಡ, ಹನ್ನೊಂದೂ ಹೊರಗೆ ಬಿದ್ವು. ಗಂಟೆಗೊಮ್ಮೆ ನೋಡ್ಕೋಬೇಕಿತ್ತು, ಮನೆಗೆ ತಂದೆ. ಬೂಷ್ಟು ಹಿಡಿದವನ್ನ ಆರಿಸಿ ತೆಗೆದೆ. ನೀನು ಬಂದ ದಿನ ಎಂಟಿದ್ವು. ಮಾರನೇ ದಿನ ಏಳು..."

"ಎಂಟಿದ್ವು! ಇಲ್ಲ ಅಂದೆಯಲ್ಲೋ!"

"ಎಲ್ಲಾ ಸತ್ತುಹೋದ್ರೆ? ಆಸೆ ಹುಟ್ಟಿಸಿ ಎರಡೆರಡು ಸಲ ನಿನ್ನ ಅಳಿಸ್ಬಾರ್ದು ಅಂತ..."

"ನನ್ನ ಅಳು ನನ್ನದು! ನಾನು ಯಾವಾಗ ಅಳಬೇಕು, ಯಾವುದಕ್ಕೆ ಅಳಬೇಕು ಅಂತ ತೀರ್ಮಾನ ಮಾಡೋಕೆ ನೀನ್ಯಾರು? ಟಾರ್ಚ್ ಹಾಕಿದ್ದು ತಪ್ಪು. ಹಿಂದೆ ಬೇರೆ ಮೀನಿಗೆ ನಾನೂ ಒಂದು ಸಲ ಅದನ್ನ ಮಾಡಿದ್ದೀನಿ. ಆದ್ರೆ ಬೀಗದ ಕೈ ಕೊಟ್ಟವಳ ಹತ್ರ ಸುಳ್ಳಾ?"

ಸುಳ್ಳಿಗೆ ಕರುಣೆಯ ಬಟ್ಟೆ ತೊಡಿಸಿದರೂ ಅದು ಸುಳ್ಳೇ. ತೊಡಿಸಿದವನಿಗೆ ಬೆಚ್ಚಗೆ, ತಬ್ಬಿದವಳಿಗೆ ಮುಳ್ಳು.

ಅವನು ಬಲೆಯನ್ನು ಕೈಗೆತ್ತಿಕೊಂಡ. "ಈಗಲೇ ಕವರಿಗೆ ಹಾಕಿ ಕೊಡ್ತೀನಿ. ಆಮೇಲೆ ನಿನಗೆ ಮುಖ ತೋರಿಸಲ್ಲ."

"ಮುಟ್ಬೇಡ! ಇಷ್ಟು ಚಿಕ್ಕವು... ನೀರು ಬದಲಾದ್ರೆ ಒಂದೂ ಉಳಿಯಲ್ಲ."

"ಮತ್ತೆ...?"

"ಎರಡು ತಿಂಗಳು ಇಲ್ಲೇ ಇರ್ಲಿ. ದಿನಾ ಸಂಜೆ ನಾನೇ ಬಂದು ನೋಡ್ತೀನಿ. ನಿನ್ನ ಮೇಲೆ ನಂಬಿಕೆಯಿಲ್ಲ."

"ನಂಬಬೇಡ. ಬಂದ್ರೆ ಸಾಕು. ನೀನಂದ್ರೆ ನನಗೆ ಪ್ರಾಣ ಅಂತ ಹೇಳೋ ಮುಖ ಈಗ ನನಗಿಲ್ಲ..."

"ಹೇಳ್ಬೇಡ. ಮೊದಲು ನಿಜ ಹೇಳೋದು ಕಲಿ."

ಅವನು ಬಲೆಯನ್ನು ಕೆಳಗಿಟ್ಟ. ಬೆರಳನ್ನು ಗಾಜಿನ ಮೂಲೆಗೆ ಚಾಚಿದ.

"ಅಲ್ಲಿ... ಎಲೆ ಕೆಳಗಿರೋದು. ನಿನ್ನೆಯಿಂದ ತಿಂತಿಲ್ಲ. ಅದು ಉಳಿಯಲ್ಲ ಅನ್ಸುತ್ತೆ."

ಅವಳು ಬಗ್ಗಿ ನೋಡಿದಳು. ಹೌದು, ಹೊಟ್ಟೆ ಒಳಸರಿದಿತ್ತು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳದೆ ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ನಡುವೆ ಒಂದು ಗೇಣಿನ ಅಂತರ.

"ಹೇಳಿದ್ದಕ್ಕೆ ನೋವಾಯ್ತಾ?" ಅವನು ಪಿಸುಗುಟ್ಟಿದ.

"ಆಯ್ತು," ಅಂದಳು. "ಹೇಳ್ತಾ ಇರು..."