ಬೀಸುಹುಳಗಳ ಊಟ

ಪೆಟ್ಟಿಗೆ ಬಿಸಿಯಾದ ಕೂಡಲೇ ಹುಳಗಳು ಎದ್ದವು. ಕಂಪ್ಯೂಟರಿನ ಗಾಜಿನ ಬದಿಯೊಳಗೆ, ಮೊದಲು ಫ್ಯಾನ್ ಇದ್ದ ಜಾಗದಲ್ಲಿ, ಈಗ ಒಂದು ಜಾಲರಿಯ ಚೌಕಟ್ಟು. ಅದರ ತುಂಬ ಬಿಳಿಚಿಕೊಂಡ, ಮೆತ್ತನೆಯ ಹುಳಗಳು. ಅವು ಸಾಲುಸಾಲಾಗಿ ತಲೆ ತಗ್ಗಿಸಿ, ಹಿಂಭಾಗ ಎತ್ತಿ ರೆಕ್ಕೆ ಬೀಸತೊಡಗಿದವು. ಹಿಂದಿನ ಕಿಂಡಿಯಿಂದ ಬೆಚ್ಚನೆಯ ಗಾಳಿ ಹೊರಗೆ ಬಂತು. ಸದ್ದು ಮಾತ್ರ ಸುತರಾಂ ಇಲ್ಲ.

"ಥೂ!" ಎಂದರು ಧರಣೇಂದ್ರಯ್ಯ.

"ಮುಟ್ಟಿ ನೋಡಿ ಸರ್, ಏನೂ ಮಾಡಲ್ಲ," ಎಂದರು ಡಾ. ಇಂದುಶ್ರೀ. ಬೀಸುಹುಳಗಳನ್ನು ಸೃಷ್ಟಿಸಿದ ಜೀವವಿಜ್ಞಾನಿ ಅವರೇ. ಹೆತ್ತ ಮಗುವನ್ನು ತೋರಿಸುವವರ ಮುಖ ಹೊತ್ತು ನಿಂತಿದ್ದರು.

"ಮುಟ್ಟೋದು ಹಾಗಿರಲಿ ತಾಯಿ, ನೋಡಿದ್ದಕ್ಕೇ ಸ್ನಾನ ಮಾಡಬೇಕು ಅನ್ನಿಸ್ತಿದೆ."

ಧರಣೇಂದ್ರಯ್ಯ ಮೈಸೂರಿನಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ಅಂಧ ಮಕ್ಕಳ ಶಾಲೆಯೊಂದಕ್ಕೆ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು. ಆ ಕಾಲಕ್ಕೆ ಯಂತ್ರಗಳು ಯಾರ ದನಿಯಲ್ಲಿ ಬೇಕಾದರೂ ಓದಬಲ್ಲವಾಗಿದ್ದವು. ಆದರೂ ಮಕ್ಕಳು ಅಜ್ಜನ ದನಿಯೇ ಬೇಕೆಂದು ಹಟ ಹಿಡಿದಿದ್ದರು. ಅವರು ಓದುತ್ತ ಹೋದಂತೆ ಪಾಠವನ್ನು ಬ್ರೈಲ್ ಲಿಪಿಗೂ ಇಳಿಸುವ ಕಂಪ್ಯೂಟರು ಒಲೆಯ ಹಾಗೆ ಕಾಯುತ್ತಿತ್ತು. ಅದರ ಎದುರೇ ಕೂತು ಓದಬೇಕು. ಹೀಗಾಗಿ ಪ್ರತಿ ಪಾಠದ ಹಿನ್ನೆಲೆಯಲ್ಲೂ ಫ್ಯಾನಿನ ಗುರ್ ಎಂಬ ಸದ್ದು. ಇನ್ನೊಮ್ಮೆ ಆ ಸದ್ದು ಬಂದರೆ ಕಮಿಟಿಯವರು ಕೆಲಸವನ್ನು ಯಂತ್ರಕ್ಕೇ ಒಪ್ಪಿಸುತ್ತಾರೆಂದು ಶಾಲೆಯ ಸವಿತಾ ಮಿಸ್ ಫೋನು ಮಾಡಿ ಎಚ್ಚರಿಸಿದ್ದರು. ಬದುಕಿನಲ್ಲಿ ಅವರಿಗೆ ಉಳಿದಿದ್ದ ಆಸೆಯ ಕೆಲಸ ಅದೊಂದೇ.

ಹಾಗೆಂದು ಅವರೇನು ಸುಮ್ಮನೆ ಕೂತಿರಲಿಲ್ಲ. ಸಣ್ಣ ಫ್ಯಾನು ಸಾಕಷ್ಟು ಗಾಳಿ ನೂಕಬೇಕಾದರೆ ಜೋರಾಗಿ ತಿರುಗಬೇಕು, ಜೋರಾಗಿ ತಿರುಗಿದಷ್ಟೂ ಸದ್ದು ಹೆಚ್ಚು. ಆದ್ದರಿಂದ ದೊಡ್ಡ ಫ್ಯಾನು ಹಾಕಿ ನಿಧಾನವಾಗಿ ತಿರುಗಿಸುವುದು ಜಾಣತನ. ಅದರ ನಡುಕ ಪೆಟ್ಟಿಗೆಯ ತಗಡಿಗೆ ಹತ್ತದಂತೆ ರಬ್ಬರಿನ ಬಿಲ್ಲೆ ಕೂರಿಸಬೇಕು. ಇದನ್ನೆಲ್ಲ ಓದಿ ತಿಳಿದು, ಅಂಗಡಿ ಅಂಗಡಿ ಅಲೆದು, ಒಂದಾದ ಮೇಲೊಂದು ಫ್ಯಾನು ತಂದು ಹಾಕಿದ್ದರು. ಬದಲಿಸಲು ಪೆಟ್ಟಿಗೆ ತೆರೆದಾಗಲೆಲ್ಲ ರೆಕ್ಕೆಗಳಿಗೆ ಮೆತ್ತಿದ ಕಪ್ಪು ಜಿಡ್ಡು, ಅದರಲ್ಲಿ ಸಿಕ್ಕಿಕೊಂಡ ಕೂದಲು ಕಂಡು ಅವರಿಗೆ ಅಂದಿನ ಊಟ ಸೇರುತ್ತಿರಲಿಲ್ಲ. ಇಷ್ಟಾದರೂ ಮೈಕು ಆ ಗುರ್ ಸದ್ದನ್ನು ಹೆಕ್ಕಿ ಹೆಕ್ಕಿ ಹಿಡಿಯುತ್ತಿತ್ತು. ಕೊನೆಗೆ ಇಂದುಶ್ರೀಯವರ ಪ್ರಯೋಗಾಲಯ ಸದ್ದಿಲ್ಲದ ಫ್ಯಾನು ಕೊಡುತ್ತದೆಂದು ಕೇಳಿ ಅದನ್ನೇ ತರಿಸಿದ್ದರು.

"ಜೇನುಗೂಡು ಬಿಸಿಯಾದರೆ ಹುಳಗಳು ರೆಕ್ಕೆ ಬೀಸಿ ತಂಪು ಮಾಡ್ತವೆ," ಎಂದು ಇಂದುಶ್ರೀ ವಿವರಿಸಿದರು. "ಆ ಗುಣವನ್ನ ಉಣ್ಣೆ ಬಟ್ಟೆ ತಿನ್ನೋ ಪತಂಗಕ್ಕೆ ಸೇರಿಸಿದೀವಿ. ರೆಕ್ಕೆ ಅಂಚಿಗೆ ಗೂಬೆ ಗರಿಯಲ್ಲಿರೋ ಹಾಗೆ ಮೆತ್ತನೆ ಎಳೆ. ಅದಕ್ಕೇ ಸದ್ದಿಲ್ಲ. ಬಿಸಿ ತಾಗಿದಾಗ ಏಳ್ತವೆ, ಬೀಸ್ತವೆ, ತಿಂತವೆ. ತಣ್ಣಗಾದರೆ ಮಲಗಿಬಿಡ್ತವೆ."

"ಏನು ತಿಂತವೆ?"

"ಮನೆ ಧೂಳು ಸರ್. ಅದರಲ್ಲಿ ನಮ್ಮ ಚರ್ಮದ ಹೊಟ್ಟು, ಕೂದಲು ಎಲ್ಲ ಇರುತ್ತಲ್ಲ."

"ಅಂದರೆ ನನ್ನನ್ನೇ ತಿಂತವೆ!"

"ಉದುರಿದ್ದನ್ನ ಮಾತ್ರ," ಎಂದು ಸಮಾಧಾನ ಹೇಳಿ ಆಕೆ ಹೊರಟುಹೋದರು.

ಪಾಠಗಳೇನೋ ಫ್ಯಾನಿನ ಸದ್ದಿಲ್ಲದೆ ಧ್ವನಿಮುದ್ರಣವಾಗತೊಡಗಿದವು. ಆದರೆ ಪುಟದಿಂದ ಕಣ್ಣೆತ್ತಿದರೆ ಸಾಕು, ಎದುರಿಗೆ ಹರಿದಾಡುವ ಆ ಬಿಳಿ ಹೊಟ್ಟೆಗಳು. ಗಾಜಿನ ಕೆಳಗೆ ಸಾಸಿವೆಯಂಥ ಹಿಕ್ಕೆ. ಉದುರಿದ ರೆಕ್ಕೆ. ಧರಣೇಂದ್ರಯ್ಯನವರಿಗೆ ಬಾಯಿಗಿಟ್ಟ ತುತ್ತು ಇಳಿಯದಾಯಿತು. ತಡೆಯಲಾರದೆ ಒಂದು ದಿನ ಇಂದುಶ್ರೀಗೆ ಫೋನು ಮಾಡಿದರು.

"ವಾಪಸು ತಗೊಂಡು ಹೋಗಿ ಮೇಡಂ. ನನ್ನ ಕೈಲಾಗಲ್ಲ."

"ಆಗಲಿ ಸರ್. ಚೌಕಟ್ಟನ್ನ ಹಾಗೇ ಫ್ರೀಜರಿಗೆ ಹಾಕಿಬಿಡ್ತೀವಿ. ಸ್ವಲ್ಪ ಹೊತ್ತಿಗೆ ಎಲ್ಲ ಮುಗಿಯುತ್ತೆ."

ಧರಣೇಂದ್ರಯ್ಯನವರದು ಜೈನರ ಮನೆ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ನೀರನ್ನು ಸೋಸಿ ಕುಡಿಯುವವರು, ದೀಪಕ್ಕೆ ಬಂದ ಹುಳ ಅನ್ನಕ್ಕೆ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವವರು. "ಬೇಡ. ಇಲ್ಲೇ ಬಿದ್ದಿರಲಿ," ಎಂದು ಫೋನಿಟ್ಟರು.

ಕೆಲವೇ ದಿನಗಳಲ್ಲಿ ಹುಳಗಳು ಬೀಸುವುದನ್ನು ಬಿಟ್ಟು ಜಾಲರಿಗೆ ಜೋತುಬಿದ್ದವು. ಕಂಪ್ಯೂಟರು ಕಾದು ಪಾಠದ ನಡುವೆಯೇ ನಿಂತುಹೋಯಿತು. ಓಡಿಬಂದ ಇಂದುಶ್ರೀ ಗಾಜಿನೊಳಗೆ ಇಣುಕಿದರು, ಆಮೇಲೆ ನೆಲದ ಮೇಲೆ ಬೆರಳಾಡಿಸಿದರು. ಬೆರಳು ಹಾಲಿನಲ್ಲಿ ತೊಳೆದಷ್ಟು ಶುಭ್ರವಾಗಿತ್ತು.

"ನಿಮ್ಮ ಮನೇಲಿ ಧೂಳೇ ಇಲ್ಲ ಸರ್! ಪಾಪ, ಹಸಿದು ಸಾಯ್ತಿವೆ."

ಮನೆ ಇಷ್ಟು ಚೊಕ್ಕಟವಾಗಿದ್ದೀತೆಂದು ಪ್ರಯೋಗಾಲಯದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಧರಣೇಂದ್ರಯ್ಯನವರ ಹೆಂಡತಿ ಕನಕಮಾಲಾ ಇರುವೆಗೂ ಪೆಟ್ಟಾಗದ ಮೆತ್ತನೆಯ ಪೊರಕೆಯಿಂದ ಹೊತ್ತು ಹೊತ್ತಿಗೂ ಗುಡಿಸುವವರು.

"ಸ್ವಲ್ಪ ದಿನ ಗುಡಿಸೋದು ಬಿಡೋಕಾಗುತ್ತಾ ಅಮ್ಮ?"

"ಏನಮ್ಮ ನೀನು ಹೇಳೋದು? ಆ ಹುಳಗಳಿಗೋಸ್ಕರ ಮನೇನ ತಿಪ್ಪೆ ಮಾಡ್ಲಾ?" ಕನಕಮಾಲಾ ಕಣ್ಣು ಕೆಂಪಗೆ ಮಾಡಿದರು. "ಬೇಕಾದ್ರೆ ಇವರೇ ಹೋಗಿ ಅದರ ಮೇಲೆ ತಲೆ ಕೆರ್ಕೊಳ್ಳಲಿ!"

ಸಿಟ್ಟಿನಲ್ಲಿ ಆಡಿದ ಮಾತೇ ದಾರಿಯಾಯಿತು. ಹುಳಗಳು ತಿನ್ನುವುದು ಪೆಟ್ಟಿಗೆ ಬಿಸಿಯಿದ್ದಾಗ ಮಾತ್ರ. ಪೆಟ್ಟಿಗೆ ಬಿಸಿಯಾಗುವುದು ಓದುವಾಗ ಮಾತ್ರ. ಹೀಗಾಗಿ ಧರಣೇಂದ್ರಯ್ಯ ಒಂದು ಪ್ಯಾರಾ ಓದುವುದು, ಪೆಟ್ಟಿಗೆಗೆ ಗಾಳಿ ಎಳೆಯುವ ಮೇಲಿನ ಕಿಂಡಿಗೆ ಬಗ್ಗಿ ತಲೆ ಕೆರೆದು ಹೊಟ್ಟು ಉದುರಿಸುವುದು, ಮತ್ತೆ ಓದುವುದು. ಹುಳಗಳು ಮುಗಿಬಿದ್ದು ತಿನ್ನುವಾಗ ಅವರು ಮುಖ ಆ ಕಡೆ ತಿರುಗಿಸುತ್ತಿದ್ದರು. ಜೀವಮಾನವೆಲ್ಲ ಕೊಳೆಗೆ ಹೇಸಿದ ಮನುಷ್ಯ ಈಗ ತನ್ನ ಮೈಯ ಕೊಳೆಯನ್ನೇ ಬಡಿಸುತ್ತಿದ್ದರು. ತಮ್ಮ ಮೇಲೇ ಅವರಿಗೆ ಅಸಹ್ಯವಾಗುತ್ತಿತ್ತು. ಆದರೂ ಹುಳಗಳು ಚೇತರಿಸಿಕೊಂಡವು.

ಮುಂದಿನ ವಾರ ಸವಿತಾ ಮಿಸ್ ಫೋನು ಬಂತು.

"ಫ್ಯಾನ್ ಸದ್ದು ಪೂರ್ತಿ ಹೋಯ್ತು ಸರ್! ಕಮಿಟಿಯವರು ಒಪ್ಪಿದ್ರು, ನೀವೇ ಓದಬೇಕಂತೆ. ಆದರೆ ಮಕ್ಕಳದ್ದು ಒಂದು ಪ್ರಶ್ನೆ ಇದೆ. ಕಮಿಟಿಯವರಿಗೆ ಕೇಳಿಸ್ಲಿಲ್ಲ, ಈ ಮಕ್ಕಳ ಕಿವಿ ನಿಮಗೆ ಗೊತ್ತಲ್ಲ." ಆಕೆ ನಗು ತಡೆದುಕೊಂಡರು. "ಪ್ಯಾರಾ ಮುಗಿದಾಗೆಲ್ಲ ಅಜ್ಜ ಯಾಕೆ ತಲೆ ಕೆರ್ಕೋತಾರೆ, ಹೇನಾಗಿದೆಯಾ ಅಂತ."

ಧರಣೇಂದ್ರಯ್ಯನವರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿಬಿಟ್ಟರು.

ಆಮೇಲೆ ಒಂದು ದಿನ ಶಾಲೆಯಿಂದ ಉಬ್ಬಿದ ಚೀಲವೊಂದು ಬಂತು. ಹಾಸ್ಟೆಲಿಗೆ ಕ್ಷೌರದವನು ಬಂದಿದ್ದನಂತೆ; ಅಜ್ಜನ ಹುಳಗಳಿಗೆ ಕೊಡಿ ಎಂದು ಮಕ್ಕಳೇ ಕೂದಲನ್ನೆಲ್ಲ ಗುಡಿಸಿ ತುಂಬಿದ್ದರಂತೆ. ಬಾಯಿ ಬಿಚ್ಚಿದೊಡನೆ ಕೊಬ್ಬರಿ ಎಣ್ಣೆ, ಬೆವರು, ಹೊಟ್ಟು ಎಲ್ಲ ಸೇರಿದ ಗಬ್ಬು ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಧರಣೇಂದ್ರಯ್ಯನವರಿಗೆ ಓಕರಿಕೆ ಬಂತು. ಓಕರಿಕೆಯ ಜೊತೆಗೇ ಕಣ್ಣೂ ತುಂಬಿತು. ಮೂಗು ಮುಚ್ಚಿಕೊಂಡೇ ಒಂದು ಹಿಡಿ ತೆಗೆದು ಕಿಂಡಿಗೆ ಉದುರಿಸಿದರು.

ಅಷ್ಟರಲ್ಲಿ ಏನೋ ಕಚಗುಳಿಯಿಟ್ಟಂತಾಯಿತು. ನೋಡಿದರೆ, ಕೂದಲಿನಿಂದ ಎದ್ದುಬಂದ ಹೇನೊಂದು ಅವರ ಹೆಬ್ಬೆರಳನ್ನು ಏರುತ್ತಿತ್ತು.

"ಕನಕಾ! ಇದನ್ನ ಎಲ್ಲಿ ಬಿಡೋದೇ?" ಎಂದು ಕೈಯನ್ನು ದೂರ ಹಿಡಿದು ಕೂಗಿದರು.

ಕನಕಮಾಲಾ ಪೊರಕೆ ಹಿಡಿದು ಬಾಗಿಲಲ್ಲೇ ನಿಂತು ನೋಡಿದರು.

"ಅದು ಬದುಕೋ ಜಾಗ ಇರೋದು ಒಂದೇ ರೀ," ಎಂದರು. "ನಿಮ್ಮ ತಲೆ."