ಏಳು ಮೊಳೆಗಳ ಗೋಡೆ

“ಕಿಟಕಿ ಕಡೆ ಎಷ್ಟು ಬೇಕಾದ್ರೂ ಶೂಟಿಂಗ್ ಮಾಡ್ಕೊಳ್ಳಿ. ಮೊಳೆ ಇರೋ ಗೋಡೆಗೆ ಮಾತ್ರ ಲೈಟ್ ಬಿಡಬೇಡಿ,” ಎಂದು ಲೈಟ್ ತಾತ ಕೀಲಿಯನ್ನು ಮೇಜಿನ ಮೇಲಿಟ್ಟ. ಇಟ್ಟವನು ಅದರ ಮೇಲಿಂದ ಕೈ ತೆಗೆಯಲಿಲ್ಲ.

ಕಾಲೇಜಿನ ಸಾಮಾನು ಕೋಣೆಯಲ್ಲಿ ಕೂತು ಹುಡುಗರಿಗೆ ಲೈಟು, ವೈರು, ಟ್ರೈಪಾಡು ಕೊಟ್ಟು ಈಸಿಕೊಳ್ಳುವ ಮುದುಕ ಅವನು. ಎದುರಿಗೆ ನಿಂತಿದ್ದವಳು ವರ್ಷದ ನಡುವೆ ಬೇರೆ ಕಾಲೇಜಿನಿಂದ ಬಂದು ಮೀಡಿಯಾ ತರಗತಿಗೆ ಸೇರಿದ ಹುಡುಗಿ. ಬಂದ ಮೊದಲ ದಿನವೇ ಮೇಷ್ಟ್ರು ಇಟ್ಟಿದ್ದ ಕ್ಯಾಮೆರಾವನ್ನು ಎರಡು ಅಂಗುಲ ಪಕ್ಕಕ್ಕೆ ಸರಿಸಿ ‘ಡೈರೆಕ್ಟ್ರಮ್ಮ’ ಎಂಬ ಹೆಸರು ಗಿಟ್ಟಿಸಿಕೊಂಡಿದ್ದಳು. ಆ ಹೆಸರು ಗೇಲಿಯದು ಎಂದು ಗೊತ್ತಿದ್ದರೂ ಅವಳಿಗೆ ಒಳಗೊಳಗೇ ಇಷ್ಟವಾಗಿತ್ತು.

“ಯಾಕೆ ತಾತ, ಗೋಡೆಗೆ ನಾಚಿಕೆನಾ?”

“ಆ ಗೋಡೆ ಮೇಲೆ ಮನುಷ್ಯರ ನೆರಳು ಬೀಳಬಾರದು. ಅಷ್ಟೇ.”

“ನಾವು ಮಾಡ್ತಿರೋದೇ ನೆರಳಿನ ಸಿನಿಮಾ. ನೆರಳು ಬೇಡ ಅಂದ್ರೆ ಇನ್ನೇನು ತೆಗೀಲಿ, ಮದುವೆ ವಿಡಿಯೋನಾ?”

ಹಿಂದೆ ನಿಂತಿದ್ದ ಕ್ಯಾಮೆರಾ ಹುಡುಗ ಕಿಸಕ್ಕೆಂದ. ಉದ್ದ ಕತ್ತಿನ ಅವನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಮುದುಕ ನಗಲಿಲ್ಲ. ಅವಳು ಅವನ ಬೆರಳುಗಳ ಅಡಿಯಿಂದ ಕೀಲಿಯನ್ನು ಎಳೆದುಕೊಂಡಳು.

ಮೇಷ್ಟ್ರು ಕೊಟ್ಟಿದ್ದ ಕೆಲಸ ಸಣ್ಣದು. ಹಳೆಯ ಕಪ್ಪು-ಬಿಳುಪು ಪತ್ತೇದಾರಿ ಸಿನಿಮಾಗಳ ರೀತಿಯಲ್ಲಿ, ಅವರು ‘ನ್ವಾರ್’ ಎಂದು ಕರೆಯುವ ಆ ಕತ್ತಲ ಶೈಲಿಯಲ್ಲಿ, ಒಂದು ಚಿತ್ರದ ಮೊದಲ ಎರಡು ನಿಮಿಷ ಮಾಡಿ ತರಬೇಕು. ಮಾತಿರಬಾರದು. ಬೆಳಕು ಮತ್ತು ನೆರಳೇ ಕತೆ ಹೇಳಬೇಕು. ಪತ್ತೇದಾರನ ಪಾತ್ರಕ್ಕೆ ಅವಳು ತನ್ನ ಅಣ್ಣನನ್ನೇ ಹಿಡಿದು ತಂದಿದ್ದಳು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ತಾನು ಓದು ಬಿಟ್ಟು ತಂಗಿಯನ್ನು ಓದಿಗೆ ಕಳಿಸಿದವನು. ಆ ದಿನ ಅರ್ಧ ದಿನ ರಜೆ ಹಾಕಿ, ಅಪ್ಪನ ಹಳೆಯ ಉದ್ದ ಕೋಟು ತೊಟ್ಟು, ಅಗಲ ಅಂಚಿನ ಟೋಪಿ ಹಿಡಿದು ಬಂದಿದ್ದ.

“ಪುಟ್ಟಿ, ಈ ಕೋಟಲ್ಲಿ ನಾನು ಪತ್ತೇದಾರನ ಹಾಗೆ ಕಾಣ್ತೀನಾ, ಕೋಟು ಕದ್ದವನ ಹಾಗಾ?”

“ಎರಡೂ. ಮೆಟ್ಟಿಲು ಹತ್ತು.”

ಮೂರನೇ ಮಹಡಿಯ ಆ ಕೋಣೆ, ಕಟ್ಟಡ ಕಾಲೇಜಾಗುವ ಮೊದಲು ಫೋಟೋ ಸ್ಟುಡಿಯೋ ಆಗಿತ್ತು. ಬಾಗಿಲು ತೆರೆದ ಕೂಡಲೇ ಹಳೆಯ ರಾಸಾಯನಿಕದ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು, ಸುಟ್ಟ ಕೂದಲಿನದು. ಹೊರಗೆ ಮಧ್ಯಾಹ್ನದ ಎರಡು ಗಂಟೆಯ ಬಿಸಿಲು. ಕೊಕ್ಕರೆ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸುತ್ತ ಹೋದಂತೆ ಅದು ಒಂದೊಂದೇ ಚೌಕವಾಗಿ ಸತ್ತಿತು. ಕೊನೆಗೆ ಎದೆ ಒತ್ತುವಂಥ ಕತ್ತಲು.

ಸಾವಿರ ವ್ಯಾಟಿನ ದೀಪ ಹಚ್ಚಿದಾಗ ಗೋಡೆ ಕಂಡಿತು. ಆಳೆತ್ತರದಲ್ಲಿ ಏಳು ಕಬ್ಬಿಣದ ಮೊಳೆಗಳು. ತಲೆಯಿರಬೇಕಾದಲ್ಲಿ ಒಂದು, ಹೆಗಲಿಗೆ ಎರಡು, ಕೈಗೆ ಎರಡು, ಪಾದಕ್ಕೆ ಎರಡು. ಮೊಳೆಯಿಂದ ಮೊಳೆಗೆ ಕಪ್ಪು ದಾರ ಬಿಗಿದಿತ್ತು. ಅವಳು ಬೆರಳಿನಿಂದ ಮೀಟಿ ನೋಡಿದಳು. ದಾರವಲ್ಲ. ಹೆಣೆದ ಕೂದಲು.

“ಕಿಟಕಿ ಕಡೆನೇ ಮಾಡೋಣ ಕಣೇ,” ಎಂದ ಕೊಕ್ಕರೆ.

“ಆ ಕಡೆ ಬಣ್ಣ ಎದ್ದುಹೋಗಿದೆ. ಬಣ್ಣ ಉಳಿದಿರೋ ಗೋಡೆ ಇದೊಂದೇ. ಕೂದಲು ನೋಡಿ ಹೆದರೋನು ಕ್ಷೌರಕ್ಕೆ ಹೇಗೆ ಹೋಗ್ತೀಯ?”

ಅವಳು ದೀಪವನ್ನು ಕೆಳಗಿಳಿಸಿ ಗೋಡೆಗೆ ತಿರುಗಿಸಿದಳು. ಹೊಗೆಯ ಮಬ್ಬು ಕಾಣಲೆಂದು ಅಂಗೈಯಲ್ಲಿ ಪೌಡರ್ ಸುರಿದುಕೊಂಡು ಬೆಳಕಿಗೆ ಊದಿದಳು. ಅಣ್ಣ ಟೋಪಿ ಸರಿಮಾಡಿಕೊಂಡು ಬೆಳಕಿನೊಳಗೆ ಬಂದ. ಅವನ ನೆರಳು ಗೋಡೆಯ ಮೇಲೆ ದೈತ್ಯನಂತೆ ಎದ್ದಿತು.

“ದೊಡ್ಡದಾಯ್ತು. ಗೋಡೆ ಕಡೆ ಹೋಗು. ಇನ್ನೂ. ಇನ್ನೊಂದು ಹೆಜ್ಜೆ.”

ನೆರಳು ಕುಗ್ಗುತ್ತ ಕುಗ್ಗುತ್ತ ಮೊಳೆಗಳ ಮಧ್ಯೆ ಬಂದು ಕೂತಿತು. ಅಳತೆ ತೆಗೆದು ಹೊಲಿದಂತೆ ಕೂತಿತು. ಕ್ಯಾಮೆರಾದ ಪರದೆಯಲ್ಲಿ ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಅವಳು ಉಸಿರು ಬಿಗಿಹಿಡಿದಳು. ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಇಡೀ ತರಗತಿ ಬಾಯಿ ಮುಚ್ಚಿಕೊಳ್ಳುವಷ್ಟು ಚೆನ್ನಾಗಿತ್ತು.

“ಕಟ್,” ಎಂದಳು.

ಅಣ್ಣ ಟೋಪಿ ತೆಗೆದ. ನೆರಳು ತೆಗೆಯಲಿಲ್ಲ.

ದೀಪ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅಣ್ಣ ಒಂದು ಹೆಜ್ಜೆ ಮುಂದಿಟ್ಟ. ಗೋಡೆಯ ಮೇಲಿನ ಟೋಪಿಯ ಆಕೃತಿ ಅಲ್ಲೇ ನಿಂತಿತ್ತು. ಅವನ ಕಾಲ ಬುಡದಲ್ಲಿ ನೆಲ ನೆರಳಿಲ್ಲದೆ ಬರಿದಾಗಿತ್ತು. ಇನ್ನೊಂದು ಹೆಜ್ಜೆಗೆ ಮೊಣಕಾಲು ಎತ್ತಿದ. ಪಾದ ಏಳಲಿಲ್ಲ.

“ಪುಟ್ಟಿ,” ಎಂದ. ದನಿ ಪಕ್ಕದ ಮನೆಯಿಂದ ಬಂದಂತಿತ್ತು. “ನನಗೆ ಚಳಿ ಆಗ್ತಿದೆ.”

ಅವಳು ತೋಳು ಹಿಡಿದು ಎಳೆದಳು. ಅಣ್ಣನ ಕೈ ನೀರಲ್ಲಿ ನೆನೆದ ಬಟ್ಟೆಯ ಹಾಗೆ ತಣ್ಣಗೆ, ಭಾರವಾಗಿತ್ತು. ಸುಟ್ಟ ಕೂದಲಿನ ವಾಸನೆ ಕೋಣೆಯಲ್ಲೆಲ್ಲ ತುಂಬಿತು. ಕೊಕ್ಕರೆ ಕ್ಯಾಮೆರಾ ಬಿಟ್ಟು ಓಡಿದ. ಮೆಟ್ಟಿಲುಗಳ ಮೇಲೆ ಅವನ ಕಾಲಿನ ಸದ್ದು ಇಳಿಯುತ್ತ ಹೋಯಿತು. ಆಮೇಲೆ ಎರಡು ಜೊತೆ ಕಾಲಿನ ಸದ್ದು ಹತ್ತುತ್ತ ಬಂತು.

ಲೈಟ್ ತಾತ ಹೊಸ್ತಿಲು ದಾಟಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಒಳಗೆ ನೋಡಿದ. ಗೋಡೆ ನೋಡಿದವನು ಬಹಳ ಹೊತ್ತು ಕಣ್ಣು ಮಿಟುಕಿಸಲಿಲ್ಲ.

“ಏನಿದು ತಾತ? ಏನಾಗಿದೆ ಇವನಿಗೆ?”

“ಮಾಟ. ಈ ಸ್ಟುಡಿಯೋ ನಮ್ಮಣ್ಣಂದು. ಫೋಟೋಗೆ ಬಣ್ಣ ಹಚ್ಚೋ ಹೆಂಗಸೊಬ್ಬಳು ಇದ್ಲು ಇಲ್ಲಿ. ಮದುವೆ ಆಗ್ತೀನಿ ಅಂತ ಅವಳಿಗೆ ಮಾತು ಕೊಟ್ಟು ನಮ್ಮಣ್ಣ ಊರು ಬಿಡೋಕೆ ಹೊರಟ. ಅವಳು ಅವನ ನೆರಳನ್ನ ಆ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ಲು. ತನ್ನ ಕೂದಲಲ್ಲಿ ಕಟ್ಟಿದ್ಲು. ಮೂರು ದಿನಕ್ಕೆ ಅವನ ಮೈ ಸತ್ತೋಯ್ತು. ಅವನು ಮಾತ್ರ ಗೋಡೆಯೊಳಗೇ ಉಳಿದ. ನಲವತ್ತು ವರ್ಷ ಆಯ್ತು. ಅದಕ್ಕೇ ನಾನು ಈ ಕೆಲಸ ಬಿಟ್ಟು ಹೋಗಿಲ್ಲ.”

“ಕೂದಲು ಕಿತ್ತು ಹಾಕ್ತೀನಿ.”

“ಕಿತ್ತರೆ ಒಳಗಿರೋರೆಲ್ಲ ಸತ್ತು ಹೋಗ್ತಾರೆ.” ಮುದುಕ ಹುಡುಗಿಯ ಅಣ್ಣನ ಮುಖ ನೋಡಿದ, ಗೋಡೆ ನೋಡಿದ, ಮತ್ತೆ ಅವಳ ಮುಖ ನೋಡಿದ. ತುಟಿ ಒದ್ದೆ ಮಾಡಿಕೊಂಡ. “ಲೈಟ್ ಆರಿಸು. ಕತ್ತಲಲ್ಲಿ ನೆರಳಿಗೆ ಗಡಿ ಇರಲ್ಲ. ಕೈ ಹಿಡಿದು ಆಚೆಗೆ ಎಳ್ಕೊಂಡು ಬಾ. ಯಾವ ಕೈ ಸಿಕ್ಕಿದ್ರೂ ಬಿಡಬೇಡ. ಯಾರು ಕರೆದ್ರೂ ತಿರುಗಬೇಡ.”

ಬೇರೆ ದಿನವಾಗಿದ್ದರೆ ಆ ಮಾತಿನ ಒಂದೊಂದು ಪದವನ್ನೂ ಅವಳು ಹಿಡಿದು ಜಗ್ಗುತ್ತಿದ್ದಳು. ಆಗ ಹಾಗೆ ಮಾಡಲಿಲ್ಲ. ಬಾಗಿಲು ಮುಚ್ಚಿ ಸ್ವಿಚ್ ಒತ್ತಿದಳು.

ಕತ್ತಲು. ಬಿಸಿ ಗಾಜು ತಣ್ಣಗಾಗುವ ಚಿಟಚಿಟ ಸದ್ದು. ಅವಳು ಕೈ ಚಾಚಿದಳು. ಗಾಳಿ. ಮತ್ತೆ ಗಾಳಿ. ಒಂದು ಕೈ ಸಿಕ್ಕಿತು. ಬೆಚ್ಚಗಿತ್ತು. ಗಟ್ಟಿಯಾಗಿ ಅವಳ ಕೈಯನ್ನೇ ಹಿಡಿಯಿತು. ಎಳೆದಳು. ಹೆಜ್ಜೆ ಬಂತು. ಇನ್ನೊಂದು ಬಂತು. ಬೆನ್ನ ಹಿಂದೆ ಏನೋ ಅವಳ ಅಂಗಿಯ ಅಂಚನ್ನು ತಡವಿತು. ತೀರ ಮೆತ್ತಗೆ. “ಪುಟ್ಟಿ.” ದನಿ ಗೋಡೆಯಿಂದ ಬಂತು. “ಪುಟ್ಟಿ, ನಾನಿಲ್ಲಿ.” ತಿರುಗಬೇಡ ಎಂದಿದ್ದ. ತಿರುಗಲಿಲ್ಲ. ಎಳೆದಳು. ಬಾಗಿಲು ಸಿಗಲಿಲ್ಲ. ಸಿಕ್ಕಿತು. ತೆರೆದಳು.

ಮೊಗಸಾಲೆಯ ಬಿಸಿಲಿನಲ್ಲಿ ಅಣ್ಣ ನಿಂತಿದ್ದ. ಅದೇ ಕೋಟು, ಅದೇ ಮುಖ. ಕಾಲ ಕೆಳಗೆ ನೆರಳಿತ್ತು. ಅವಳು ಅಳುತ್ತ ಅವನ ತೋಳಿಗೆ ಹಣೆ ಒತ್ತಿದಳು. ಅವನು ಅವಳತ್ತ ನೋಡಲೇ ಇಲ್ಲ. ಮುದುಕನನ್ನು ನೋಡುತ್ತಿದ್ದ.

“ಏನೋ ಚಿಕ್ಕೋನೇ, ಇಷ್ಟು ಮುದುಕ ಆಗ್ಬಿಟ್ಟಿದ್ದೀಯ,” ಎಂದ.

ಲೈಟ್ ತಾತ ಆ ಎರಡೂ ಕೈಗಳನ್ನು ಹಿಡಿದು, ಮಗುವಿನ ಹಾಗೆ ಬಿಕ್ಕಿದ.

ಅವಳು ಒಳಕ್ಕೆ ಓಡಿ ದೀಪ ಹಚ್ಚಿದಳು. ಏಳು ಮೊಳೆಗಳ ಮಧ್ಯೆ, ಎದುರಿಗೆ ಯಾರೂ ಇಲ್ಲದೆ, ಉದ್ದ ಕೋಟಿನ ನೆರಳೊಂದು ನಿಂತಿತ್ತು. ಅವಳನ್ನು ಕಂಡು ಬಲಗೈಯ ಬೆರಳುಗಳನ್ನು ಕಷ್ಟಪಟ್ಟು ಅಲುಗಿಸಿತು.

“ವಾಪಸ್ ಕೊಡಿ,” ಎಂದು ಅವಳು ಬಾಗಿಲಿಗೆ ಬಂದು ಕೂಗಿದಳು.

“ನಾನು ಮೊದಲೇ ಹೇಳಿದ್ದೆ,” ಎಂದ ಮುದುಕ, ನೆಲ ನೋಡುತ್ತ.

“ಮೊದಲು ಹೇಳಿದ್ದು ಸರಿ. ಆಮೇಲೆ ಹೇಳಿದ್ದೇನು?”

ಮುದುಕ ಹಿಡಿದಿದ್ದ ಕೈಗಳನ್ನು ಬಿಟ್ಟು ಮೆಟ್ಟಿಲಿಳಿದ.

ಅಣ್ಣನ ಮೈಯಲ್ಲಿದ್ದವನು ಆ ಸಂಜೆ ಅವಳ ಹಿಂದೆಯೇ ಮನೆಗೆ ಬಂದ. ಆ ಮುಖ ಹೊತ್ತವನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಅವಳು ಅಮ್ಮನಿಗೆ ಏನೂ ಹೇಳಲಾರದೆ ಹೋದಳು. ಏನೆಂದು ಹೇಳುವುದು? ಅವನು ಅಚ್ಚುಕಟ್ಟಾಗಿ ಉಂಡ, ತಟ್ಟೆ ತೊಳೆದಿಟ್ಟ, ಮಲಗುವ ಕೋಣೆ ಯಾವುದೆಂದು ತಿಳಿಯದೆ ನಡುಮನೆಯಲ್ಲೇ ಕೂತಿದ್ದ. ಕಿಟಕಿಯಾಚೆಗಿನ ರಸ್ತೆಯನ್ನು ಹಸಿದವನ ಹಾಗೆ ನೋಡುತ್ತಿದ್ದ. “ಇವನಿಗೆ ಬುದ್ಧಿ ಬಂದಿದೆ,” ಎಂದು ಅಮ್ಮ ಮೊದಲ ದಿನ ನಕ್ಕಳು. ಎರಡನೇ ದಿನ ನಗಲಿಲ್ಲ. ಕೊಕ್ಕರೆ ಕಾಲೇಜಿಗೆ ಬರುವುದನ್ನೇ ಬಿಟ್ಟ. ಸಾಮಾನು ಕೋಣೆಗೆ ಬೀಗ ಬಿದ್ದಿತು.

ಅಮ್ಮ ಹೊಲಿಗೆಯವಳು. ಮೂರನೇ ದಿನ ಬೆಳಿಗ್ಗೆ, ಮಗನಿಗೆ ಅಂಗಿ ಹೊಲಿಯಬೇಕೆಂದು ಟೇಪು ತಂದು ಅವನ ಕುತ್ತಿಗೆಗೆ ಸುತ್ತಿದಳು. ಅವಳ ಮಗ ಚಿಕ್ಕಂದಿನಿಂದಲೂ ಅಲ್ಲಿ ಟೇಪು ತಾಗಿದರೆ ಕಚಗುಳಿ ತಡೆಯಲಾರದೆ ಹೆಗಲೆತ್ತಿ ಕಿರುಚುವವನು. ಇವನು ಕಂಬದ ಹಾಗೆ ನಿಂತಿದ್ದ. ಅಮ್ಮ ನಿಧಾನವಾಗಿ ಟೇಪು ಸುತ್ತಿಟ್ಟಳು. ಮಗಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

“ನನ್ನ ಮಗ ಎಲ್ಲಿ?”

ಅವಳು ಎಲ್ಲವನ್ನೂ ಹೇಳಿದಳು. ಗೇಲಿ ಮಾಡಿದ್ದನ್ನೂ, ಬೆನ್ನ ಹಿಂದೆ ಕರೆದ ದನಿಯನ್ನೂ ಮುಚ್ಚಿಡಲಿಲ್ಲ. ಅಮ್ಮ ಬೈಯಲಿಲ್ಲ, ಅಳಲಿಲ್ಲ. ದೀಪ ಎಲ್ಲಿತ್ತು, ಅವನು ಎಲ್ಲಿ ನಿಂತಿದ್ದ, ಆರಿಸಿದ್ದು ಯಾರು ಎಂದು ಎರಡೆರಡು ಸಲ ಕೇಳಿದಳು.

“ತೋರಿಸು ನಡಿ. ದೂರದಿಂದ ನೋಡಿ ಬರ್ತೀನಿ.”

ಕೋಣೆಯ ಕೀಲಿ ಇನ್ನೂ ಹುಡುಗಿಯ ಬಳಿಯೇ ಇತ್ತು. ಇಬ್ಬರೂ ಮಧ್ಯಾಹ್ನ ಮೂರನೇ ಮಹಡಿ ಹತ್ತಿದರು. ಅವಳು ದೀಪ ಹಚ್ಚಿದಳು. ನೆರಳು ಮಾಸಿತ್ತು, ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗೆ. ಅಮ್ಮನನ್ನು ಕಂಡದ್ದೇ ಅದರ ಹೆಗಲು ಕುಲುಕತೊಡಗಿತು.

“ಅಳಬೇಡ ಮಗಾ,” ಎಂದಳು ಅಮ್ಮ. “ಸಾಕು, ಬಂದೆ.”

“ಅಮ್ಮಾ, ಮುಂದೆ ಹೋಗಬೇಡ.”

ಅಮ್ಮ ಆಗಲೇ ಬೆಳಕಿನಲ್ಲಿದ್ದಳು. ಅಣ್ಣನಿಗಿಂತ ಕುಳ್ಳಿ ಅವಳು. ಮೂಲೆಯಲ್ಲಿದ್ದ ಮಣೆಯನ್ನು ಕಾಲಿನಿಂದ ಸರಿಸಿಕೊಂಡು ಹತ್ತಿ ನಿಂತಳು. ಬೆನ್ನು ನೆಟ್ಟಗಾಗಿಸಿದಳು. ನೆರಳಿನ ಮೇಲೆ ನೆರಳು ಕೂತಿತು. ಹುಡುಗಿ ಹಾರಿ ಅವಳ ಸೊಂಟ ಹಿಡಿದಳು. ತಡವಾಗಿತ್ತು. ಮೈ ಆಗಲೇ ತಣ್ಣಗಿತ್ತು.

“ಆರಿಸು ಪುಟ್ಟಿ,” ಎಂದಳು ಅಮ್ಮ, ದೂರದಿಂದ ಬಂದಂಥ ದನಿಯಲ್ಲಿ. “ನನಗೆ ಕೈ ಎತ್ತೋಕೆ ಆಗ್ತಿಲ್ಲ. ನೀನೇ ಆರಿಸು. ಮೂರು ದಿನಕ್ಕೇ ಇಷ್ಟು ಮಾಸಿದಾನೆ, ಇನ್ನೂ ಬಿಟ್ರೆ ಕಾಣದ ಹಾಗೆ ಆಗ್ತಾನೆ.”

“ಆಗಲ್ಲಮ್ಮ. ನನ್ನಿಂದ ಆಗಲ್ಲ.”

“ಆಗುತ್ತೆ. ಯಾವ ಕೈ ಅಂತ ಹುಡುಕಬೇಡ. ಬೆಚ್ಚಗಿರೋದನ್ನ ಹಿಡ್ಕೋ.”

ಅವಳು ಆರಿಸಿದಳು.

ಎಷ್ಟು ಹೊತ್ತು ಕತ್ತಲಲ್ಲಿ ನಿಂತಿದ್ದಳೋ ಅವಳಿಗೆ ತಿಳಿಯಲಿಲ್ಲ. ಒಂದು ಕೈ ಬಂದು ಅವಳ ಬೆರಳು ಸೇರಿತು. ಗೋಡೆಯ ಕಡೆಯಿಂದ ಯಾರೂ ಕರೆಯಲಿಲ್ಲ. ಅಲ್ಲಿದ್ದವಳು ಹಲ್ಲು ಕಚ್ಚಿ ಸುಮ್ಮನಿದ್ದಾಳೆಂಬುದು ಹುಡುಗಿಗೆ ಗೊತ್ತಿತ್ತು. ತಿರುಗದೆ ನಡೆದಳು. ಬಾಗಿಲು ತೆರೆದಳು.

ಬಿಸಿಲಿಗೆ ಬಂದವಳು ಅಮ್ಮ. ನರೆಗೂದಲು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಹೆಬ್ಬೆರಳು. ಅವಳು ಕಾಲುಗಳನ್ನು ಅಗಲಿಸಿ, ಗಂಡಸಿನ ಹಾಗೆ ಎರಡು ಹೆಜ್ಜೆ ಹಾಕಿ, ಆಯ ತಪ್ಪಿ ಗೋಡೆ ಹಿಡಿದಳು. ಹಿಡಿದ ಕೈಯನ್ನು ಕಣ್ಣ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಪುಟ್ಟಿ, ನನ್ನ ಕೈಗೇನಾಗಿದೆ?” ಎಂದಿತು ಅಮ್ಮನ ದನಿ. “ಒಳಗೆ ಅಮ್ಮ ಬಂದ ಹಾಗಿತ್ತಲ್ಲ. ಎಲ್ಲಿ ಅವಳು?”